ಹುರುಳಿ ದಾಟಿದ ಮೇಲೆ

ಹುರುಳಿ ಕಿತ್ತ ದಿನಗಳಲ್ಲಿ ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಕಾರು ಓಡಿಸುವುದೆಂದರೆ ಅರೆನಿದ್ದೆಯಲ್ಲಿ ತೇಲಿದ ಹಾಗೆ. ರೈತರು ಹುರುಳಿ ಗಿಡಗಳನ್ನು ಟಾರಿನ ಮೇಲೆ ದಪ್ಪಗೆ ಹಾಸಿರುತ್ತಾರೆ. ಹೋಗಿಬರುವ ಗಾಡಿಗಳ ಚಕ್ರಗಳೇ ಕಾಳು ಬಿಡಿಸಬೇಕು. ಅದರ ಮೇಲೆ ಹತ್ತಿದೊಡನೆ ರಸ್ತೆಯ ಒರಟು ಸದ್ದು ಅಡಗಿ, ಯಾರೋ ರೇಷ್ಮೆ ಸೀರೆ ಮಡಚುತ್ತಿರುವಂಥ ಮೆತ್ತನೆಯ ಸರಬರ. ಬಿಸಿಲೂ ಆಗ ಎಳೆಯದು.

ಪ್ರತಿ ಗುರುವಾರ ನಾನು ಹೋಗುತ್ತಿದ್ದುದು ಅಕ್ಕನಿಗಾಗಿ. ನನ್ನನ್ನು ಕಾನ್ವೆಂಟಿನ ಹಾಸ್ಟೆಲ್ಲಿಗೆ ಕಳಿಸಿದ ವರ್ಷವೇ ಅವಳನ್ನು ಮೊಳಕಾಲ್ಮೂರಿಗೆ ಕೊಟ್ಟಿದ್ದರು. ನಾನು ಗ್ರಾಮರ್ ಕಲಿತೆ, ಅವಳು ಅರ್ಧ ತೆಲುಗಿನ ಸಂಸಾರ ಕಲಿತಳು. ಈಗ ಅವಳ ಕಣ್ಣು ಮಂಜು. ಕಿಟಕಿ ಇಳಿಸಿ, ಮುಖಕ್ಕೆ ಗಾಳಿ ತಾಕುವಂತೆ ಕೂರಿಸಿಕೊಂಡು ಜಟಿಂಗ ರಾಮೇಶ್ವರದ ಬೆಟ್ಟ ಕಾಣುವವರೆಗೆ ನಮ್ಮದೊಂದು ಡ್ರೈವ್. ಬೆಟ್ಟ ನನ್ನ ಪಾಲಿಗೆ, ಗಾಳಿ ಅವಳ ಪಾಲಿಗೆ.

ಅಂಥದೊಂದು ಗುರುವಾರದ ಫೋಟೋ ಪೊಲೀಸರ ನೋಟೀಸಿನಲ್ಲಿ ಮನೆಗೆ ಬಂತು. ನನ್ನ ಹಳೆಯ ಕಾರು, ಕಿಟಕಿಯಾಚೆ ಹಾರುತ್ತಿರುವ ಅಕ್ಕನ ಸೆರಗು. ಓವರ್ ಸ್ಪೀಡ್! ದಂಡವೇನೋ ಕಟ್ಟಬಹುದಿತ್ತು, ಆದರೆ ಮೂರು ತಿಂಗಳು ಲೈಸೆನ್ಸ್ ಸಸ್ಪೆಂಡ್ ಮಾಡುವ ಮಾತೂ ಅದರಲ್ಲಿತ್ತು. ಎಪ್ಪತ್ತು ದಾಟಿದವಳ ಕೈಯಿಂದ ಸ್ಟೇರಿಂಗ್ ಒಮ್ಮೆ ಕಿತ್ತುಕೊಂಡರೆ ಮತ್ತೆ ಕೊಡುವವರು ಯಾರು? ಅಕ್ಕನ ಗುರುವಾರಗಳು? ಕೋರ್ಟಿಗೇ ಹೋಗುತ್ತೇನೆ ಎಂದೆ.

ನಮ್ಮ ಬೀದಿಯ ವಕೀಲರು ಕೇಳಿದರು, "ಮೇಡಂ, ಎಷ್ಟು ಸ್ಪೀಡ್‌ನಾಗಿದ್ರಿ?"

"ಮೀಟರ್ ನೋಡಲಿಲ್ಲ. ಬೆಟ್ಟ ನೋಡ್ತಿದ್ದೆ."

"ಇದನ್ನ ಮಾತ್ರ ಕೋರ್ಟ್‌ನಾಗೆ ಹೇಳ್ಬ್ಯಾಡ್ರಿ." ಆಮೇಲೆ ಫೋಟೋ ಹತ್ತಿರ ಹಿಡಿದು ನಕ್ಕರು. "ನೋಡ್ರಿ, ಬಂಪರಿಗೆ ಹುರುಳಿ ಬಳ್ಳಿ ಇನ್ನಾ ನೇತಾಡ್ತೈತೆ. ಆಗಷ್ಟೇ ಹುರುಳಿ ದಾಟಿದ ಗಾಡಿ ಅಷ್ಟು ಜೋರು ಎಲ್ಲಿ ಹೋದೀತು? ಅಕ್ಕನೋರನ್ನ ಸಾಕ್ಷಿಗೆ ಕರ್ಕಂಬರ್ರಿ, ಗೆದ್ದಂಗೇ."

ಅಕ್ಕ ಮದುವೆಗೆ ಹೊರಟವಳಂತೆ ಜರಿಸೀರೆ ಉಟ್ಟು ಕಟಕಟೆ ಹತ್ತಿದಳು. ಫ್ಯಾನಿನ ಗಾಳಿಗೆ ಮುಖವೊಡ್ಡಿ ನಿಂತಳು. ಕರಾವಳಿ ಕಡೆಯ ಮ್ಯಾಜಿಸ್ಟ್ರೇಟರು ವಿಸ್ಮಯದಿಂದ ಕೇಳಿದರು, "ಹುರುಳಿಯನ್ನು ರಸ್ತೆಯಲ್ಲಿ ಯಾಕೆ ಹಾಕುವುದು?"

"ಬಡಿಯೋ ಕೆಲ್ಸ ಉಳೀತೈತಲ್ಲ ಸ್ವಾಮಿ."

"ಅದರ ಮ್ಯಾಲೆ ನಿಮ್ ತಂಗಿ ಹೆಂಗೆ ಓಡಿಸಿದ್ರಮ್ಮ?" ವಕೀಲರು ಕೇಳಿದರು.

"ಆಮೆ ಹಂಗೆ. ಕಾಳು ಸಿಡೀಬಾರ್ದು ನೋಡ್ರಿ."

ಅಲ್ಲಿಗೆ ಕೂತುಬಿಡಬೇಕಿತ್ತು ವಕೀಲರು. ಕೂರಲಿಲ್ಲ. "ದಾಟಿದ ಮ್ಯಾಲೂ ಹಂಗೇ ನಿಧಾನ, ಅಲ್ರಾ?"

"ಅದೆಂಗಾಗುತ್ತಪ್ಪಾ?" ಅಕ್ಕ ಬೆನ್ನು ನೆಟ್ಟಗೆ ಮಾಡಿದಳು. "ಬಳ್ಳಿ ಗಾಡಿ ಅಡೀಗೆ ಸಿಕ್ಕಂಡಿದ್ರೆ ಕಾವಿಗೆ ಬೆಂಕಿ ಹತ್ತುತ್ತೆ. ದಾಟಿದ ಕೂಡ್ಲೇ ಜೋರು ಬಿಡ್ಬೇಕು, ಗಾಳಿಗೆ ಉದುರಬೇಕು. ನಮ್ ಕಡೆ ಎಲ್ರೂ ಹಂಗೇ ಮಾಡೋದು. 'ಬಿಡೇ' ಅಂದೆ. ಬಿಟ್ಲು ನೋಡ್ರಿ! ಸೆರಗೇ ನಿಲ್ಲಲಿಲ್ಲ. ಇವಳಂಗೆ ಓಡಿಸೋ ಗಂಡಸು ಈ ತಾಲ್ಲೂಕಿನಾಗಿಲ್ಲ."

ಹಿಂದೆ ನಿಂತಿದ್ದ ಕಾನ್‌ಸ್ಟೇಬಲ್ ಕೆಮ್ಮಿದಂತೆ ನಕ್ಕ. ವಕೀಲರು ತಮ್ಮ ಉಗುರು ನೋಡಿಕೊಂಡರು. ನನಗೆ ಸಿಟ್ಟು ಬರಬೇಕಿತ್ತು. ಆದರೆ ಯಾವ ರಿಪೋರ್ಟ್ ಕಾರ್ಡೂ ನನ್ನ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಿರಲಿಲ್ಲ.

"ಸಾಕ್ಷಿಯವರು ಸತ್ಯ ಹೇಳಿದ್ದಾರೆ," ಎಂದರು ಮ್ಯಾಜಿಸ್ಟ್ರೇಟರು, ಆದಷ್ಟು ಗಂಭೀರವಾಗಿ. ದಂಡ ಹಾಗೇ ಉಳಿಯಿತು, ಮೂರು ತಿಂಗಳೂ ಉಳಿದವು.

ಹೊರಗೆ ಬೇವಿನ ನೆರಳಿನಲ್ಲಿ ಅಕ್ಕ ಕೇಳಿದಳು, "ಗೆದ್ವೇನೇ?"

"ಇಲ್ಲಕ್ಕ. ಮೂರು ತಿಂಗಳು ನಾನು ಓಡಿಸೋ ಹಾಗಿಲ್ಲ."

ಅವಳು ನನ್ನ ಮುಂಗೈ ಹುಡುಕಿ ಹಿಡಿದುಕೊಂಡಳು. "ನಿನ್ನ ಆಮೆ ಅಂತ ಬರ್ಕಂಡ್ರೆ ನಾನು ಸುಮ್ಕಿರ್ಬೇಕಿತ್ತೇನೇ?" ಎಂದಳು. ಸೆರಗು ಸರಿಮಾಡಿಕೊಂಡು, "ನೀನು ಬರಾಕಾಗಲ್ಲ ಅಂದ್ರೆ ನಾನೇ ನಿನ್ ಮನೇಲಿ ಇರ್ತೀನಿ, ನಡಿ. ಸೀರೆ ಆಮ್ಯಾಲೆ ತರಿಸಿದ್ರಾತು."

ಹಾಸ್ಟೆಲ್ಲಿನ ಟ್ರಂಕು ಹೊತ್ತು ನಾನು ಬಸ್ಸು ಹತ್ತಿದ ದಿನದಿಂದ ನಾವಿಬ್ಬರೂ ಒಂದೇ ಸೂರಿನಡಿ ಬದುಕಿರಲಿಲ್ಲ. ಅವಳು ನಿದ್ದೆಗಣ್ಣಲ್ಲಿ ತೆಲುಗು ಮಾತಾಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಟೀ ಆರಿಸಿ ಕುಡಿಯುತ್ತೇನೆಂದು ಅವಳಿಗೆ ಗೊತ್ತಿರಲಿಲ್ಲ. ಮಧ್ಯಾಹ್ನಗಳು ಎಷ್ಟು ಉದ್ದ, ಎಷ್ಟು ಹಗುರ. ಅವಳು ಅವ್ವನ ಮಾತು ತೆಗೆಯುತ್ತಾಳೆ, ನಾನು ಕೇಳುತ್ತಾ ಎಲ್ಲೋ ಜಾರುತ್ತೇನೆ.

ಲೈಸೆನ್ಸ್ ವಾಪಸ್ ಬಂದು ಬಹಳ ದಿನವಾಯಿತು. ಬಂದ ದಿನವೇ ಅವಳಿಗೆ ಹೇಳಿದ್ದೆ.

"ಹೌದಾ?" ಎಂದವಳು ಮಗ್ಗುಲು ಬದಲಿಸಿ, ಹೊದಿಕೆ ಮೇಲೆಳೆದುಕೊಂಡಳು.