ಗುಡುಗಿದರೆ ಪಿನ್ನು ತೆಗೆಯುವ ಊರಿನಲ್ಲೊಂದು ಸರ್ವರ್

ನನಗೊಂದು ದುರಭ್ಯಾಸವಿದೆ. ಯಾರ ಮನೆಗೆ ಹೋದರೂ ಯಜಮಾನರ ಆರೋಗ್ಯ ವಿಚಾರಿಸುವ ಮೊದಲು ಅವರ ಕಂಪ್ಯೂಟರಿನ ಆರೋಗ್ಯ ವಿಚಾರಿಸುತ್ತೇನೆ. ಫ್ಯಾನಿನ ಸದ್ದು ಕೇಳಿಯೇ ಒಳಗೆ ಎಷ್ಟು ಧೂಳು ಕೂತಿದೆಯೆಂದು ಹೇಳಬಲ್ಲೆ. ನಾನು ಸ್ಕ್ರೂಡ್ರೈವರ್ ಕೇಳುವುದರೊಳಗೆ ಒಂದು ಕೈಗೆ ಕಾಫಿ, ಇನ್ನೊಂದು ಕೈಗೆ ಚಕ್ಕುಲಿ ಕೊಟ್ಟುಬಿಡುವ ಜಾಣರು ಮೂಡುಬಿದಿರೆಯಲ್ಲಿದ್ದಾರೆ. ಎರಡೂ ಕೈಗೆ ಕೆಲಸವಿದ್ದರೆ ನಾನು ಅಪಾಯಕಾರಿಯಲ್ಲ ಎಂಬುದನ್ನು ಅವರು ಅನುಭವದಿಂದ ಅರಿತಿದ್ದಾರೆ.

ಹೈಸ್ಕೂಲಿನಲ್ಲಿ ಗಣಿತ ಕಲಿಸಿಕೊಂಡು ಸುಮ್ಮನಿದ್ದ ನನಗೆ ಈ ಹುಚ್ಚು ಹತ್ತಿಸಿದವನು ಬಂಟ್ವಾಳದ ಹಮೀದ್. ಅವನದೊಂದು ಕಂಪ್ಯೂಟರ್ ಅಂಗಡಿ. ಅಲ್ಲಿ ಜೋಡಿಸಿಟ್ಟ ಕಂಪ್ಯೂಟರುಗಳಿಗಿಂತ ಬಿಚ್ಚಿಟ್ಟವೇ ಹೆಚ್ಚು. ತೊಂಬತ್ತರ ದಶಕದ ಎಷ್ಟೋ ಭಾನುವಾರಗಳನ್ನು ನಾನು ಅಲ್ಲಿ ಮದರ್‌ಬೋರ್ಡುಗಳ ಮಧ್ಯೆ ಕಳೆದಿದ್ದೇನೆ. ಕಂಪನಿಯವರು ಮುಚ್ಚಿ ಮೊಹರು ಹಾಕಿಕೊಟ್ಟ ಪೆಟ್ಟಿಗೆಯನ್ನು ಹಾಗೆಯೇ ಕೊಳ್ಳುವವರನ್ನು ಕಂಡರೆ, ಮನೆಯಲ್ಲಿ ಒಲೆಯಿದ್ದೂ ದಿನಾ ಹೋಟೆಲಿನಲ್ಲಿ ಉಣ್ಣುವವರನ್ನು ಕಂಡಷ್ಟು ಕನಿಕರ ನಮ್ಮಿಬ್ಬರಿಗೂ.

ಬ್ರಾಡ್‌ಬ್ಯಾಂಡ್ ನಮ್ಮ ಬೀದಿಗೂ ಬಂದಾಗ ನನ್ನ ಹುಚ್ಚು ಒಂದು ಮೆಟ್ಟಿಲು ಮೇಲೇರಿತು. ಮನೆಯಲ್ಲೇ ಸರ್ವರ್ ಇಟ್ಟೆ, ಎಂದರೆ ಹಗಲೂ ರಾತ್ರಿ ಇಂಟರ್ನೆಟ್ಟಿಗೆ ಜೋಡಿಸಿಕೊಂಡಿದ್ದು, ಎಲ್ಲಿಂದಲೋ ಕೇಳಿದವರಿಗೆ ಕಡತ ಕೊಡುವ ಕಂಪ್ಯೂಟರ್. ಹಮೀದ್ ಜೋಡಿಸಿಕೊಟ್ಟ ಹಳೆಯ ಯಂತ್ರ. ಅದರ ಎರಡನೆಯ ಹಾರ್ಡ್‌ಡಿಸ್ಕ್ ಶಾರ್ಜಾದಿಂದ ಖರ್ಜೂರದ ಡಬ್ಬಿಯಲ್ಲಿ, ಟವೆಲ್ ಸುತ್ತಿಕೊಂಡು ಬಂದದ್ದು. ದೊಡ್ಡ ಕಂಪನಿಗಳು ಪುಕ್ಕಟೆ ಕೊಡುವ ಇ-ಮೇಲ್, ಕಡತ ಇಡಲು ಪುಕ್ಕಟೆ ಕೊಡುವ ಜಾಗ ಯಾವುದೂ ನನಗೆ ಬೇಡ. ಮನೆಯಲ್ಲಿ ಪುಕ್ಕಟೆ ಉಳಿಸಿಕೊಂಡವನು ನಾವು ಮಲಗಿದ ಮೇಲೆ ನಮ್ಮ ಚೀಲ ಬಿಚ್ಚಿ ಕಾಗದ ಓದುವುದಿಲ್ಲವೆಂದು ಏನು ಭರವಸೆ? ಸ್ಟಾಫ್ ರೂಮಿನಲ್ಲಿ ಈ ವಿಷಯ ನಾನು ಎಷ್ಟು ಸಲ ಮಾತಾಡಿದ್ದೇನೆಂದರೆ, ನಾನು ಗಂಟಲು ಸರಿಮಾಡಿಕೊಂಡರೆ ಸಾಕು, ಸಹೋದ್ಯೋಗಿಗಳಿಗೆ ಒಮ್ಮೆಲೇ ಉತ್ತರಪತ್ರಿಕೆ ತಿದ್ದುವುದು ನೆನಪಾಗುತ್ತಿತ್ತು.

ತಿಥಿ ನೋಡದೆ ಬರುವವನು ಅತಿಥಿ ಎಂದು ಪಂಡಿತರು ಪದ ಬಿಡಿಸುತ್ತಾರೆ. ಸರ್ವರಿಗೆ ಬರುವವರೂ ತಿಥಿ, ಗಂಟೆ ಯಾವುದನ್ನೂ ನೋಡುವವರಲ್ಲ. ಹಾಗಾಗಿ ಅದರ ಬಾಗಿಲು ಸದಾ ತೆರೆದಿರಬೇಕು, ಅದು ಧರ್ಮ. ಆದರೆ ನಮ್ಮೂರಿನ ಧರ್ಮವೇ ಬೇರೆ. ಇಲ್ಲಿ ಆಕಾಶ ಒಮ್ಮೆ ಗುಡುಗಿದರೆ ಟಿವಿ, ಫ್ರಿಜ್, ಟೆಲಿಫೋನ್ ಎಲ್ಲದರ ಪಿನ್ನು ಗೋಡೆಯಿಂದ ತೆಗೆಯಬೇಕು. ಸಿಡಿಲಿಗೆ ಒಮ್ಮೆ ಟಿವಿ ಸುಟ್ಟುಕೊಂಡ ಮನೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಘಟ್ಟದ ಬುಡದ ಕಕ್ಕಿಂಜೆಯಲ್ಲಿರುವ ನಮ್ಮಕ್ಕನಂತೂ ಘಟ್ಟದ ಮೇಲೆ ಮೋಡ ಕಟ್ಟಿದ ಕೂಡಲೇ ಫೋನು ಮಾಡುತ್ತಾಳೆ. "ಇಲ್ಲಿ ಶುರುವಾಯ್ತು. ಪಿನ್ನು ತೆಗೀರಿ. ನಾನು ಫೋನಿಂದೂ ತೆಗೀತೇನೆ" ಎಂದು ಇಟ್ಟುಬಿಡುತ್ತಾಳೆ. ಒಂದು ಗಂಟೆಯೊಳಗೆ ಗುಡುಗು ನಮ್ಮಲ್ಲಿಗೆ ತಲಪಿರುತ್ತದೆ.

ಸರ್ವರ್ ಇಟ್ಟ ವರ್ಷವೇ ಹಮೀದನ ತಂಗಿ ಜಮೀಲಾ ಶಾರ್ಜಾದಲ್ಲಿ ಹೆತ್ತಳು. ಚೊಚ್ಚಲು. ಊರಿಗೆ ಬರಲಾಗಲಿಲ್ಲ, ಉಮ್ಮನಿಗೆ, ಎಂದರೆ ಅವರ ತಾಯಿಗೆ, ಅಲ್ಲಿಗೆ ಹೋಗಲು ವೀಸಾ ಸಿಗಲಿಲ್ಲ. ಮಗು ಸರಿಯಾಗಿ ಹಾಲು ಕುಡಿಯುವುದಿಲ್ಲ ಎಂದು ಜಮೀಲಾ ಫೋನಿನಲ್ಲಿ ಅತ್ತಳಂತೆ. ಬಾಣಂತನದ ನಲವತ್ತು ದಿನ ಏನೇನು ಮಾಡಬೇಕೆಂದು ಉಮ್ಮ ಬಾಯಲ್ಲೇ ಹೇಳಲಿ, ರೆಕಾರ್ಡ್ ಮಾಡಿ ಇ-ಮೇಲಿನಲ್ಲಿ ಕಳಿಸುವ ಎಂದ ಹಮೀದ್.

"ಇ-ಮೇಲ್ ಬೇಡ ಮಾರಾಯ" ಎಂದೆ. "ಉಮ್ಮನ ಮಾತು ಅಮೆರಿಕದ ಕಂಪನಿಯವರು ಯಾಕೆ ಕೇಳಬೇಕು? ನನ್ನ ಸರ್ವರಿನಲ್ಲಿ ಇಡುವ. ಜಮೀಲಾ ಬೇಕಾದಾಗ ಬಂದು ಕೇಳಲಿ."

ಸರ್ವರಿನ ಯಂತ್ರವನ್ನೇ ರಿಕ್ಷಾದಲ್ಲಿ ಬಂಟ್ವಾಳಕ್ಕೆ ಒಯ್ದು, ಉಮ್ಮನ ಮುಂದೆ ಮೈಕ್ ಇಟ್ಟು, ನಾವಿಬ್ಬರೂ ಎದುರಿಗೆ ಕೂತೆವು. ಉಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಮೆಂತೆಗಂಜಿ, ಎಣ್ಣೆ, ಬಿಸಿನೀರು ಎಂದು ಹೇಳುತ್ತಾ ಹೋದರು. ನಡುನಡುವೆ ತಡವರಿಸಿ ಮೈಕನ್ನೂ ನಮ್ಮನ್ನೂ ನೋಡುತ್ತಿದ್ದರು. ಮೈಕಿಗೆ ಹೆದರಿದ್ದಾರೆ ಎಂದುಕೊಂಡೆ. ದನಿ ಹೇಗೆ ಬರುತ್ತಿದೆಯೆಂದು ಹೆಡ್‌ಫೋನಿನಲ್ಲಿ ಒಂದೊಂದು ಮಾತನ್ನೂ ಕೇಳಿದ್ದೇನೆ. ಮನೆಗೆ ತಂದ ಮೇಲೂ ಹಿನ್ನೆಲೆಯ ಸದ್ದು ಸೋಸಿ ತೆಗೆಯುತ್ತಾ ಎರಡು ಸಲ ಕೇಳಿದ್ದೇನೆ.

ಸರ್ವರಿಗೆ ಹಾಕಿದ ಮೂರನೆಯ ಸಂಜೆ ಅಕ್ಕನ ಫೋನು ಬಂತು. ಸ್ವಲ್ಪ ಹೊತ್ತಿಗೆ ಗುಡುಗಿತು. ನನ್ನ ಹೆಂಡತಿ ಪದ್ಮಾ ಟಿವಿಯ ಪಿನ್ನು ತೆಗೆದು ಸರ್ವರಿನತ್ತ ಕೈಚಾಚಿದಳು.

"ಅದನ್ನು ಮುಟ್ಟಬೇಡ. ಶಾರ್ಜಾದಲ್ಲಿ ಜಮೀಲಾ ಮೊದಲ ಸಲ ಕೇಳುವ ಹೊತ್ತು. ದೊಡ್ಡ ಕಂಪನಿಯವರು ಗುಡುಗಿದರೆ ಪಿನ್ನು ತೆಗೀತಾರಾ?"

"ಅವರ ಮನೆ ಮೂಡುಬಿದಿರೆಯಲ್ಲಿ ಉಂಟಾ?" ಎಂದಳು ಪದ್ಮಾ.

ಅಷ್ಟರಲ್ಲೇ ಸಿಡಿಲು ಹೊಡೆಯಿತು. ಮೋಡೆಮ್ಮಿನಿಂದ ಸಣ್ಣ ಹೊಗೆ ಬಂತು. ಸರ್ವರಿನ ಫ್ಯಾನು ನಿಂತಿತು. ಉಮ್ಮನ ಮಾತಿನ ಇನ್ನೊಂದು ಪ್ರತಿ ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ಇತ್ತು. ಎರಡನೆಯ ಡಿಸ್ಕಿನಲ್ಲಿ ಜೋಪಾನವಾಗಿ ಇಟ್ಟಿದ್ದೆ. ಎರಡು ಡಿಸ್ಕೂ ಒಂದೇ ಪೆಟ್ಟಿಗೆಯೊಳಗಿದ್ದವು. ಪದ್ಮಾ ಚಹಾ ತಂದಿಟ್ಟಳು, ಅದು ಬೈದದ್ದಕ್ಕಿಂತ ಹೆಚ್ಚು ನೋಯಿಸಿತು. ಅಲ್ಲಿ ಹಸಿದ ಕೂಸು, ಇಲ್ಲಿ ನನ್ನ ಸಿದ್ಧಾಂತ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಮರುದಿನ ಪದ್ಮಾಳನ್ನೂ ಕರೆದುಕೊಂಡು ಉಮ್ಮನ ಬಳಿ ಹೋಗಿ ತಪ್ಪೊಪ್ಪಿಕೊಂಡೆ. ಹಮೀದ್ ಬೇರೆ ಕಂಪ್ಯೂಟರ್ ತಂದಿಟ್ಟ. ಉಮ್ಮ ಬೇಸರಿಸಿಕೊಳ್ಳಲಿಲ್ಲ. ಮುಖ ಅರಳಿದ್ದನ್ನು ನೋಡಿದರೆ, ಹೋದದ್ದು ಒಳ್ಳೆಯದೇ ಆಯಿತು ಎನ್ನುವಂತಿತ್ತು.

"ಮಾಷ್ಟ್ರೇ, ನೀವು ಮತ್ತು ಇವನು ಜಗಲಿಯಲ್ಲಿ ಕೂತುಕೊಳ್ಳಿ. ಮಗುವಿಗೆ ಹಾಲು ಕುಡಿಸುವ ಮಾತು ಗಂಡಸರ ಎದುರು ಹೇಗೆ ಹೇಳುವುದು? ಮೊನ್ನೆ ನಾನು ಅರ್ಧವೇ ಹೇಳಿದ್ದು" ಎಂದರು. ಪದ್ಮಾಳ ಕೈಹಿಡಿದು, "ನೀನು ಬಾ ಮಗಳೇ" ಎಂದು ಒಳಗೆ ಕರೆದುಕೊಂಡು ಬಾಗಿಲು ಮುಚ್ಚಿದರು. ಯಾವ ಗುಂಡಿ ಒತ್ತಬೇಕೆಂದು ನಾನು ಬಾಗಿಲಿನ ಹೊರಗಿನಿಂದಲೇ ಕೂಗಿ ಹೇಳಿದೆ.

ಜಗಲಿಯಲ್ಲಿ ನಾನೂ ಹಮೀದನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಳಗಿನಿಂದ ಇಬ್ಬರು ಹೆಂಗಸರ ನಗು ಕೇಳುತ್ತಿತ್ತು. ಯಾರೋ ನಮ್ಮ ಚೀಲ ಬಿಚ್ಚಿ ಓದುತ್ತಾರೆಂದು ಸ್ಟಾಫ್ ರೂಮಿನಲ್ಲಿ ಭಾಷಣ ಬಿಗಿಯುತ್ತಿದ್ದ ನಾನು, ಹೆಡ್‌ಫೋನ್ ಹಾಕಿಕೊಂಡು ಒಂದು ಮನೆಯ ಮಾತನ್ನು ಮೂರು ಸಲ ಕೇಳಿದ್ದೆನಲ್ಲ! ಯಂತ್ರ ನನ್ನದು, ಮನೆ ನನ್ನದು ಎಂದ ಮಾತ್ರಕ್ಕೆ ಕಿವಿಯೂ ನನ್ನದೇ ಆಗಬೇಕಿರಲಿಲ್ಲ.

ಒಂದು ವಾರದಲ್ಲಿ ಮೋಡೆಮ್ಮನ್ನೂ ಸುಟ್ಟ ಡಿಸ್ಕುಗಳನ್ನೂ ಬದಲಾಯಿಸಿ, ಸರ್ವರನ್ನು ಮತ್ತೆ ಚಾಲೂ ಮಾಡಿದೆ. ಈಗ ಅದೂ ನಮ್ಮೂರಿನ ಪ್ರಜೆಯೇ. ಗುಡುಗಿದರೆ ಅದರ ಪಿನ್ನನ್ನೂ ತೆಗೆಯುತ್ತೇವೆ. ಮಗು ಚೆನ್ನಾಗಿ ಹಾಲು ಕುಡಿಯತೊಡಗಿತೆಂದು ಜಮೀಲಾಳ ಫೋನು ಬಂದ ದಿನ ಹಮೀದ್ ಅಂಗಡಿ ಮುಚ್ಚಿ ಹಲ್ವಾ ಹಿಡಿದುಕೊಂಡು ಮೂಡುಬಿದಿರೆಗೆ ಓಡಿಬಂದ. ಉಮ್ಮನ ಮಾತು ಈಗಲೂ ನನ್ನ ಸರ್ವರಿನಲ್ಲೇ ಇದೆ. ಅದರ ಪಾಸ್‌ವರ್ಡ್ ಪದ್ಮಾಳಿಗೆ ಗೊತ್ತು, ಜಮೀಲಾಳಿಗೆ ಗೊತ್ತು. ನಾನು ಕೇಳಿಲ್ಲ.