ಎರಡು ಸೇರಿನ ಕ್ಯಾಸೆಟ್ಟು

ನನ್ನ ಹಾಡು ಎಷ್ಟು ನಿಮಿಷದ್ದು ಎಂದು ಯಾರಾದರೂ ಕೇಳಿದರೆ ನನಗೆ ಇಂದಿಗೂ ತಬ್ಬಿಬ್ಬಾಗುತ್ತದೆ. ಎಷ್ಟು ಸೇರಿನದ್ದು ಎಂದು ಕೇಳಿದರೆ ಮಾತ್ರ ಥಟ್ಟನೆ ಹೇಳಬಲ್ಲೆ. ತೊಟ್ಟಿಲಿನ ಹಾಡು ಪಾವಿನದು, ತವರಿನ ಹಾಡು ಅಚ್ಚೇರಿನದು, ಅತ್ತೆಯನ್ನು ಬೈಯುವ ಹಾಡು ಮನೆಯಲ್ಲಿ ರಾಗಿ ಎಷ್ಟಿದೆಯೋ ಅಷ್ಟರದು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಎಂಬತ್ತರ ದಶಕದಲ್ಲಿ ಹೊರಬಂದ ನನ್ನ ಮೊದಲ ಕ್ಯಾಸೆಟ್ಟು ಸರಿಯಾಗಿ ಎರಡು ಸೇರಿನದು. ಒಂದೊಂದು ಮಗ್ಗುಲಿಗೆ ಒಂದೊಂದು ಸೇರು.

ಆಗ ನಾನು ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಮನೆ ಓಕಳಿಪುರಂನಲ್ಲಿ, ರೈಲು ಕಂಬಿಗೆ ಬೆನ್ನು ಕೊಟ್ಟುಕೊಂಡು. ಚಿಕ್ಕಂದಿನಲ್ಲಿ ಅವ್ವ ರಾಗಿ ಬೀಸುತ್ತ ಹಾಡುವಾಗ ಅವಳ ಎದುರು ಕೂತು ಕಲ್ಲಿನ ಬಾಯಿಗೆ ಕಾಳು ಹಾಕುವುದು ನನ್ನ ಕೆಲಸ. ಕಾಳಿನ ಜೊತೆಗೆ ಹಾಡುಗಳೂ ನನ್ನೊಳಗೆ ಬಿದ್ದವು. ದೊಡ್ಡವನಾದ ಮೇಲೆ ಒಂದು ಏಕತಾರಿ ಹಿಡಿದು ಬಸವನಗುಡಿ, ಮಲ್ಲೇಶ್ವರದ ಗಣೇಶನ ಪೆಂಡಾಲುಗಳಲ್ಲಿ ಅವನ್ನೇ ಹಾಡತೊಡಗಿದೆ. ಸಿಗುತ್ತಿದ್ದ ಚಪ್ಪಾಳೆಯಲ್ಲಿ ಅರ್ಧ, ಮೀಸೆ ಇರುವ ಮನುಷ್ಯ ಬೀಸುವ ಪದ ಹಾಡುತ್ತಾನಲ್ಲ ಎಂಬ ಬೆರಗಿಗೆ. ಹಾಡು ಎಲ್ಲಿ ಮುಗಿಯಬೇಕೆಂಬ ಚಿಂತೆ ಪೆಂಡಾಲಿನಲ್ಲಿ ಇರಲಿಲ್ಲ. ಕಾರ್ಯದರ್ಶಿಗಳು ಗಡಿಯಾರ ನೋಡಿಕೊಂಡಾಗ ನಾನು ಮುಗಿಸುತ್ತಿದ್ದೆ.

ಕ್ಯಾಸೆಟ್ ಮಾಡಬೇಕೆಂಬ ಹುಚ್ಚು ಹತ್ತಿದಾಗ ಕಂಪನಿಯವರು ಒಳ್ಳೆಯ ಕಾಫಿ ಕೊಟ್ಟು ಕಳುಹಿಸಿದರು. ಸರಿ, ನಾನೇ ಮಾಡುತ್ತೇನೆ ಎಂದೆ. ಬಸವನಗುಡಿಯಲ್ಲಿ ರಂಗರಾಜು ಎಂಬ ಗೆಳೆಯನೊಬ್ಬನಿದ್ದ. ಮನೆಯ ಹಿಂದಿನ ಕೋಣೆಯ ಗೋಡೆಗೆಲ್ಲ ಹಳೆಯ ರಜಾಯಿ ಹೊಡೆದು ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟಿದ್ದ. ಮದ್ರಾಸಿನಲ್ಲಿ ಕೆಲಸ ಸಿಕ್ಕಿ ಸೋಮವಾರ ಬೆಳಿಗ್ಗೆಯೇ ಮೆಷಿನ್ನುಗಳ ಸಮೇತ ಹೊರಡುವವನಿದ್ದ. ನನಗೆ ಉಳಿದದ್ದು ಭಾನುವಾರ ಒಂದೇ. ಅಂದು ಆಗದಿದ್ದರೆ ನನ್ನ ಕ್ಯಾಸೆಟ್ಟು ಎಂದೆಂದಿಗೂ ಇಲ್ಲ.

"ಮೊದಲನೇ ಹಾಡು ಎಷ್ಟು ನಿಮಿಷ ಬರತ್ತೆ ಸಾರ್?" ಎಂದು ರಂಗರಾಜು ಕೇಳಿದ. ಗೆಳೆಯನಾದರೂ ಮೆಷಿನ್ನಿನ ಮುಂದೆ ಕೂತರೆ ಅವನು ಎಲ್ಲರನ್ನೂ ಸಾರ್ ಎನ್ನುತ್ತಿದ್ದ. ಹಾಡಿ ಮುಗಿದ ಮೇಲೆ ತಿಳಿಯುತ್ತದೆ ಎಂದೆ. ಹಾಡಿದೆ. ರಜಾಯಿಗಳು ನನ್ನ ದನಿಯನ್ನು ನುಂಗಿ ಸುಮ್ಮನೆ ನೋಡುತ್ತಿದ್ದವು. ಒಂದು ಹಾಡು ಅರ್ಧಕ್ಕೇ ನಿಂತಿತು, ಇನ್ನೊಂದು ನಿಲ್ಲುವ ಲಕ್ಷಣವನ್ನೇ ತೋರಿಸಲಿಲ್ಲ. ಎಲ್ಲ ಪದವೂ ಸರಿ, ಶ್ರುತಿಯೂ ಸರಿ, ಕೇಳಿದರೆ ಮಾತ್ರ ಮಗ್ಗಿ ಒಪ್ಪಿಸಿದ ಹಾಗಿತ್ತು. ಮಧ್ಯಾಹ್ನದ ಹೊತ್ತಿಗೆ ರಂಗರಾಜು, "ಸಾರ್, ಊಟ ಮಾಡ್ಕೊಂಡ್ ಬನ್ನಿ" ಎಂದ. ಡಾಕ್ಟರು ಮನೆಯವರನ್ನು ಹೊರಗೆ ಕರೆದು ಮಾತಾಡುವ ದನಿಯಲ್ಲಿ.

ಮನೆಗೆ ಬಂದು ಅವ್ವನ ಮುಂದೆ ಕುಸಿದು ಕೂತೆ.

"ಹಾಡು ಕೂರ್ತಾನೇ ಇಲ್ಲ ಕಣವ್ವ."

"ರಾಗಿ ಹಾಕಿದ್ಯಾ?"

"ಸ್ಟುಡಿಯೋದಲ್ಲಿ ರಾಗಿ ಎಲ್ಲಿಂದ ಬರ್ತದೆ?"

"ಮತ್ಯಾಕ್ ಹಾಡಕ್ ಹೋದೆ?" ಎಂದಳು ಅವ್ವ.

ಹಿಂದಿನ ಕಾಲದವರು ಬಟ್ಟಲಿನಲ್ಲಿ ನೀರು ತುಂಬುವುದನ್ನು ನೋಡಿ ಗಳಿಗೆ ಎಣಿಸುತ್ತಿದ್ದರಂತೆ. ಅವರನ್ನು ವಿಜ್ಞಾನಿಗಳು ಎನ್ನುತ್ತೇವೆ. ನಮ್ಮ ಅವ್ವಂದಿರು ರಾಗಿಯಲ್ಲಿ ಎಣಿಸಿದರು, ಅವರನ್ನು ಯಾರೂ ಹಾಗನ್ನಲಿಲ್ಲ. ಕಾಳು ಉಳಿದಿದ್ದರೆ ಹಾಡಿಗೆ ಇನ್ನೊಂದು ನುಡಿ ಸೇರುತ್ತದೆ, ಕಾಳು ಮುಗಿದರೆ ಹಾಡು ಮುಗಿಯುತ್ತದೆ. ನಮ್ಮ ಬೀದಿಗೆ ಹಿಟ್ಟಿನ ಮಿಲ್ಲು ಬಂದಾಗ ಈ ಲೆಕ್ಕವೂ ನಿಂತಿತು. ಅದಕ್ಕಾಗಿ ನಾನು ಕಣ್ಣೀರು ಹಾಕುವುದಿಲ್ಲ. "ಮಿಲ್ ಬಂದು ನನ್ ರಟ್ಟೆ ಉಳೀತು" ಎಂದು ಅವ್ವ ಖುಷಿಪಟ್ಟಿದ್ದಳು, ನಾನೂ ಪಟ್ಟಿದ್ದೆ. ಆದರೆ ಮಿಲ್ಲಿನ ಸಾಲಿನಲ್ಲಿ ಡಬ್ಬ ಹಿಡಿದು ನಿಂತು ಯಾರೂ ಹಾಡಿದ್ದನ್ನು ನಾನು ಕಂಡಿಲ್ಲ.

ಬೀಸುವ ಕಲ್ಲು ನೀರಿನ ಡ್ರಮ್ಮಿನ ಕೆಳಗೆ ಒತ್ತಾಗಿ ಕೂತಿತ್ತು. ಎಳೆದು ತೊಳೆದೆವು. ಮನೆಯ ರಾಗಿಯೆಲ್ಲ ಹಿಂದಿನ ದಿನವೇ ಮಿಲ್ಲಿಗೆ ಹೋಗಿ, ಡಬ್ಬದ ತಳದಲ್ಲಿ ಎರಡು ಸೇರು ಉಳಿದಿತ್ತು. ಭಾನುವಾರ, ಅಂಗಡಿಗಳು ಬಾಗಿಲು ಹಾಕಿದ್ದವು. ಇದ್ದಷ್ಟೇ ಸಾಕು ಎಂದು ಹೊರಟೆವು. ಅವ್ವನ ಷರತ್ತು ಒಂದೇ: "ಕಲ್ಲು ಹಿಡೀತೀನಿ, ಬಾಯ್ ಬಿಡಕ್ಕಿಲ್ಲ. ಕಂಡೋರ್ ಮನೇಲಿ ಹಾಡಾಕೆ ನಂಗೇನ್ ಗ್ರಾಚಾರ." ಕಲ್ಲು ಹತ್ತಿಸಿದಾಗ ಆಟೋದವನು, "ಏನ್ ಗುರು, ಮನೆ ಖಾಲಿ ಮಾಡ್ತಿದೀರಾ?" ಎಂದ. "ಹಾಡು ರೆಕಾರ್ಡ್ ಮಾಡೋಕೆ ಹೋಗ್ತಿದೀವಿ" ಎಂದೆ. ಬಸವನಗುಡಿ ಬರುವವರೆಗೂ ಅವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ರಂಗರಾಜು ಜಮಖಾನ ಹಾಸಿದ. ಅವ್ವ ಮತ್ತು ನಾನು ಎದುರುಬದುರು ಕೂತು ಒಂದೇ ಗೂಟವನ್ನು ಹಿಡಿದೆವು. ನನ್ನ ಎಡಗೈಗೆ ಕಾಳು ಹಾಕುವ ಹಳೆಯ ಕೆಲಸ. ಕಲ್ಲು ಎರಡು ಸುತ್ತು ತಿರುಗಿತೋ ಇಲ್ಲವೋ, ನನ್ನ ಉಸಿರು ತನ್ನ ಜಾಗಕ್ಕೆ ಬಂದು ಕೂತಿತು. ಮೂರನೆಯ ನುಡಿಗೆ ಅವ್ವನ ಷರತ್ತು ಮುರಿಯಿತು. ಮೊದಲು ಗುನುಗಿದಳು, ಆಮೇಲೆ ದನಿಗೂಡಿಸಿದಳು, ಆಮೇಲೆ ನಾನೇ ಅವಳ ಹಿಂದೆ ಓಡುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಆ ದನಿ ಕೇಳಿ ನನ್ನ ಕಣ್ಣು ತುಂಬಿತು. ಮೊದಲ ಮಗ್ಗುಲು ಮುಗಿಯಿತು, ಮೊದಲ ಸೇರೂ ಮುಗಿಯಿತು.

ಎರಡನೆಯ ಮಗ್ಗುಲಿನಲ್ಲಿ ನನಗೆ ಧೈರ್ಯ ಹೆಚ್ಚಾಯಿತು. ಮನುಷ್ಯನಿಗೆ ಹಾಡು ಒಲಿದಿದೆ ಎನ್ನಿಸಿದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತದೆ. ನಾನೂ ಕಣ್ಣು ಮುಚ್ಚಿ, ಕತ್ತು ಆಡಿಸಿ, ತವರಿನ ಹಾಡಿಗೆ ಅದರ ಏಳು ತಲೆಮಾರು ಕೇಳರಿಯದ ಆಲಾಪವೊಂದನ್ನು ಶುರುಮಾಡಿದೆ. ಎಡಗೈ ನಿಂತುಹೋಯಿತು. ಕಲ್ಲಿನ ದನಿ ಕರಕರ ಎಂದು ಬದಲಾಯಿತು. ಬರಿಗಲ್ಲು ತಿರುಗಿಸುವುದು ಮನೆಗೆ ಒಳ್ಳೆಯದಲ್ಲ ಎಂಬುದು ನಮ್ಮಲ್ಲಿನ ನಂಬಿಕೆ.

"ಕಾಳ್ ಹಾಕ್ಲಾ!" ಎಂದಳು ಅವ್ವ. "ಬರೀ ಕಲ್ಲು ತಿರುಗುಸ್ಬ್ಯಾಡ ಅಂತ ಎಷ್ಟ್ ಸತಿ ಹೇಳ್ಬೇಕು ನಿಂಗೆ? ಬಾಯ್ ಬಿಟ್ರೆ ಸಾಕು, ಕೈ ಮರ್ತೋಯ್ತದೆ!" ಅಷ್ಟು ಹೇಳಿ, ಏನೂ ಆಗಿಲ್ಲವೆಂಬಂತೆ ಮುಂದಿನ ನುಡಿಯನ್ನು ಎತ್ತಿಕೊಂಡಳು. ನಾನು ಬಾಯಿ ಮುಚ್ಚಿ ಕಾಳು ಹಾಕಿದೆ, ಆಮೇಲೆ ಬಾಯಿ ತೆರೆದೆ.

ಮುಗಿದ ಮೇಲೆ ರಂಗರಾಜು ಮೆಲ್ಲಗೆ, "ಆ ಹಾಡು ಇನ್ನೊಂದ್ ಸಲ ತಗೊಳ್ಳೋಣ" ಎಂದ.

"ಬೀಸಿದ್ ಹಿಟ್ಟನ್ನ ಇನ್ನೊಂದ್ ಸತಿ ಬೀಸ್ತಾರೇನಪ್ಪ?" ಎಂದಳು ಅವ್ವ. ರಾಗಿ ಮುಗಿದಿತ್ತು. ಬ್ಲೇಡಿನಿಂದ ಅಷ್ಟನ್ನು ಕತ್ತರಿಸಿ ಟೇಪು ಅಂಟಿಸುತ್ತೇನೆ, ಯಾರಿಗೂ ಗೊತ್ತಾಗಲ್ಲ ಎಂದ ರಂಗರಾಜು. ನನ್ನ ಮರ್ಯಾದೆ ಆ ಬ್ಲೇಡಿನ ತುದಿಯಲ್ಲಿತ್ತು. ಹೆಡ್ ಮೇಷ್ಟ್ರು ಕೇಳುತ್ತಾರೆ, ಮಕ್ಕಳು ಕೇಳುತ್ತಾರೆ. ಆದರೆ ಒಬ್ಬರಾದರೂ ಬೈಸಿಕೊಳ್ಳದೆ ರಾಗಿ ಬೀಸಿದ ಮನೆ ಯಾವುದಿದೆ? "ಇರಲಿ ಬಿಡು ರಂಗರಾಜು" ಎಂದೆ. ಅವನ ಮನೆಯ ಅಡಿಗೆಮನೆಯಲ್ಲೇ ಅವ್ವ ಆ ಹಿಟ್ಟಿನಲ್ಲಿ ಮುದ್ದೆ ತೊಳಸಿದಳು. ಹೀಗೆ ನನ್ನ ಮೊದಲ ಆಲ್ಬಮ್ಮನ್ನು ನಾವು ಕೇಳುವ ಮೊದಲೇ ತಿಂದುಬಿಟ್ಟೆವು.

ಅವೆನ್ಯೂ ರಸ್ತೆಯ ಪುಸ್ತಕದಂಗಡಿಯೊಂದರ ಮೂಲೆಯಲ್ಲಿ ಕ್ಯಾಸೆಟ್ಟು ಮಾರಾಟಕ್ಕೆ ಕೂತಿತು. ಜನ ಅದರ ಹೆಸರು ಹೇಳದೆ, "ಆ ಬೈಗುಳದ ಕ್ಯಾಸೆಟ್ಟು ಕೊಡಿ" ಎಂದು ಕೇಳುತ್ತಿದ್ದರಂತೆ. ನಾನು ಬೋರ್ಡಿನ ಮುಂದೆ ಲೆಕ್ಕ ಮರೆತು ನಿಂತರೆ ಹಿಂದಿನ ಬೆಂಚಿನಿಂದ "ಕಾಳ್ ಹಾಕ್ಲಾ" ಎಂಬ ಪಿಸುಮಾತು ಕೇಳುತ್ತಿತ್ತು. ಇಂದಿಗೂ ವೇದಿಕೆಯ ಮೇಲೆ ಕಣ್ಣು ಮುಚ್ಚಲು ಹೋದರೆ ನನ್ನ ಎಡಗೈ ತಾನಾಗಿಯೇ ಚೂರು ಅಲ್ಲಾಡುತ್ತದೆ.

ಮೊದಲ ಪ್ರತಿ ಬಂದ ದಿನ ಅದನ್ನು ಟೇಪ್ ರೆಕಾರ್ಡರಿಗೆ ಹಾಕಿ ಅವ್ವನ ಮುಂದೆ ಇಟ್ಟೆ. ಸೊಪ್ಪು ಬಿಡಿಸುತ್ತ ಕೇಳಿದಳು. ಬೈಗುಳ ಬಂದಾಗ, "ಹೇಳಿದ್ದು ಸರಿಯಾಗೇ ಐತೆ" ಎಂದು ತನಗೆ ತಾನೇ ತಲೆದೂಗಿದಳು. ಹಾಡು ಮುಗಿದ ಮೇಲೆ, ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಹಾಗೆ ಕೇಳಿದೆ:

"ನಾನ್ ಹಾಡಿದ್ದು ಹೆಂಗೈತವ್ವ?"

ಅವ್ವ ಇನ್ನೊಂದು ಸೊಪ್ಪಿನ ಕಟ್ಟು ಬಿಚ್ಚಿದಳು.

"ಕಾಳ್ ಹಾಕಿದ್ಮ್ಯಾಲೆ ಚೆನ್ನಾಗೈತೆ."