ಚಪ್ಪಾಳೆಗೆ ‘ಬೇಡ’ ಒತ್ತಿದ್ದು

ಕಬಡ್ಡಿ ಪಂದ್ಯಗಳನ್ನು ನೇರವಾಗಿ ಜನರ ಮೊಬೈಲಿಗೆ ಬಿಡುವ ಕೆಲಸಕ್ಕೆ ನಾನು ಸೇರಿದಾಗ ವಯಸ್ಸು ಐವತ್ತು ದಾಟಿತ್ತು. ಅದಕ್ಕೂ ಮೊದಲು ಕುಷ್ಟಗಿಯಲ್ಲಿ ಮದುವೆ ವಿಡಿಯೋ ತೆಗೆಯುವ ಅಂಗಡಿ ಇಟ್ಟಿದ್ದೆ. ಎಲ್ಲರ ಕೈಗೂ ಕ್ಯಾಮೆರಾ ಬಂದ ಮೇಲೆ ನನ್ನನ್ನು ಕೇಳುವವರೇ ಇಲ್ಲವಾದರು. ಆಗ ಕೊಪ್ಪಳದ ಗೆಳೆಯನೊಬ್ಬ ಎರಡು ಕ್ಯಾಮೆರಾ, ಎರಡು ಮೈಕು, ಒಂದು ಕಂಪ್ಯೂಟರು ಕೊಂಡು ಈ ಹೊಸ ಕೆಲಸ ಶುರುಮಾಡಿದ್ದ. ಬಾ ಅಂದ, ಹೋದೆ.

ಕಂಪ್ಯೂಟರಿನೊಳಗೆ ಒಂದು ಸಾಫ್ಟ್‌ವೇರ್ ಇತ್ತು. ಆಟ ನಡೆಯುತ್ತಿರುವಾಗಲೇ ಅದು ಅಂಪೈರನ ಸೀಟಿ, ಜನರ ಚಪ್ಪಾಳೆ, ಬೋರ್ಡಿನ ಅಂಕ ಎಲ್ಲವನ್ನೂ ಗಮನಿಸಿ, ಮುಖ್ಯವೆನಿಸಿದ್ದನ್ನು ಕತ್ತರಿಸಿ, ಪಕ್ಕದಲ್ಲಿ ಪಟ್ಟಿ ಬರೆಯುತ್ತ ಹೋಗುತ್ತಿತ್ತು. ಪಂದ್ಯ ಮುಗಿಯುವ ಹೊತ್ತಿಗೆ ಹತ್ತು ನಿಮಿಷದ ಸಾರಾಂಶ ತಯಾರು. ನನ್ನ ಕೆಲಸ ಇಷ್ಟೇ: ಹೆಡ್‌ಫೋನ್ ಹಾಕಿಕೊಂಡು ಕೂತು, ಅದು ತೋರಿಸಿದ ಪ್ರತಿ ತುಂಡಿಗೂ ‘ಇರಲಿ’ ಅಥವಾ ‘ಬೇಡ’ ಒತ್ತುವುದು.

ಬೇಡ ಒತ್ತುವುದರಲ್ಲಿ ನನಗೊಂದು ಖುಷಿಯಿತ್ತು, ಸುಳ್ಳು ಯಾಕೆ ಹೇಳಲಿ. ಆ ಯಂತ್ರಕ್ಕೆ ನಮ್ಮ ಕಡೆಯ ಜನ ಗೊತ್ತಿರಲಿಲ್ಲ. ಯಲಬುರ್ಗಾ ಕಡೆಯ ಒಂದು ಊರಿನಲ್ಲಿ ಹಿರಿಯರೊಬ್ಬರಿಗೆ ಶಾಲು ಹೊದಿಸಿದ್ದನ್ನು ಪಂದ್ಯದ ದೊಡ್ಡ ಗಳಿಗೆ ಎಂದು ಬರೆದಿತ್ತು. ಗಂಗಾವತಿಯಲ್ಲಿ ಊಟ ತಯಾರಾಗಿದೆ ಎಂದು ಕೂಗಿದ್ದೇ ತಡ, ಎದ್ದ ಗದ್ದಲವನ್ನು ಗೆಲುವಿನ ರೇಡ್ ಅಂದುಕೊಂಡಿತು. ಇಷ್ಟು ವರ್ಷ ಕ್ಯಾಮೆರಾ ಹಿಡಿದವನಿಗೆ ಯಾವುದು ಮುಖ್ಯ ಎಂದು ಇದು ಹೇಳಿಕೊಡಲು ಬಂದಿದೆಯಲ್ಲ ಎಂದು ನನಗೆ ಸಿಟ್ಟು. ಅದು ತಪ್ಪಿದಾಗಲೆಲ್ಲ ಮನೆಗೆ ಬಂದು ಹೆಂಡತಿಗೆ ಹೇಳಿ ನಗುತ್ತಿದ್ದೆ.

ಮನೆಯಲ್ಲಿ ನಾವಿಬ್ಬರೇ, ಮಕ್ಕಳಾಗಿರಲಿಲ್ಲ. ನನಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ತಾವರಗೇರಾದಲ್ಲಿ ಪಂದ್ಯವಿದ್ದ ದಿನ ಅವಸರದಲ್ಲಿ ಬುತ್ತಿಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಅವಳು ಬಸ್ಸು ಹತ್ತಿ ತಂದಳು. ಅದುವರೆಗೆ ಯಾವ ಪಂದ್ಯಕ್ಕೂ ಬಂದವಳಲ್ಲ. ಶಾಲೆಯ ಕಟ್ಟೆಯ ಮೇಲೆ ಹೆಂಗಸರು ಕೂತಿದ್ದರು, ಅವರ ನಡುವೆ ಹೋಗಿ ಕೂತಳು. ಅಲ್ಲಿಂದ ನನ್ನ ಮೇಜಿಗೆ ಇಪ್ಪತ್ತು ಹೆಜ್ಜೆ, ನಡುವೆ ಗಂಡಸರ ದೊಡ್ಡ ಗುಂಪು.

ಗಂಡನ ಹೆಸರು ಹಿಡಿದು ಕರೆಯುವವಳಲ್ಲ ಅವಳು. ‘ರೀ’ ಎಂದು ಕೂಗಿದ್ದರೆ ಅರ್ಧ ಮೈದಾನ ತಿರುಗಿ ನೋಡುತ್ತಿತ್ತು. ನಾನು ಅಂಗಡಿಯೊಳಗೆ ಇದ್ದಾಗ ಹೊರಗೆ ನಿಂತು ಎರಡು ಸಲ ಚಪ್ಪಾಳೆ ತಟ್ಟುತ್ತಿದ್ದಳು. ನನ್ನನ್ನು ಕರೆಯುವ ರೀತಿ ಅದು. ಅಲ್ಲಿಯೂ ಹಾಗೇ ಮಾಡಿದ್ದಾಳೆ. ನಾನು ತಿರುಗದಿದ್ದಾಗ ಪಕ್ಕದ ಹೆಂಗಸರಿಗೆ ವಿಷಯ ತಿಳಿದು, ತಮಾಷೆಗೆ ಅವರೆಲ್ಲ ಸೇರಿ ಚಪ್ಪಾಳೆ ಹೊಡೆದಿದ್ದಾರೆ. ಕಟ್ಟೆಯ ಕಂಬಕ್ಕೆ ಕಟ್ಟಿದ್ದ ಎರಡನೇ ಮೈಕು ಅದನ್ನು ಹಿಡಿಯಿತು. ಎರಡನೇ ಕ್ಯಾಮೆರಾದ ಮುಖವೂ ಆ ಕಡೆಗೇ ಇತ್ತು. ತುಂಡು ನನ್ನ ಪರದೆಗೆ ಬಂತು. ಆಟ ನಿಂತಿತ್ತು, ಅಂಕವಿರಲಿಲ್ಲ. ಅದನ್ನು ತೆರೆದು ನೋಡುವ ಗೋಜಿಗೂ ಹೋಗದೆ ಬೇಡ ಒತ್ತಿದೆ.

ಅವಳು ಬುತ್ತಿಯನ್ನು ಗೆಳೆಯನ ಕೈಗೆ ಕೊಟ್ಟು ಬಸ್ಸಿಗೆ ಹೋದಳು. ಇದೆಲ್ಲ ನನಗೆ ಗೊತ್ತಾದದ್ದು ಸಂಜೆ ಮನೆಗೆ ಬಂದ ಮೇಲೆ.

“ಒಂದ ಸಲ ಚಪ್ಪಾಳಿ ಹೊಡದೆ,” ಅಂದಳು. “ನೀವು ಹೊಳ್ಳಿ ನೋಡ್ಲಿಲ್ಲ ಅಂತ ಹೆಂಗಸರೆಲ್ಲ ಕೂಡಿ ಹೊಡದ್ರು. ಕೆಲಸದಾಗ ಇದ್ರಿ, ಬಿಡ್ರಿ.”

ಆ ಪೆದ್ದು ಯಂತ್ರ ಅದನ್ನೂ ಮುಖ್ಯ ಗಳಿಗೆ ಅಂದುಕೊಂಡಿತ್ತು ಎಂದು ಹೇಳಿ ನಕ್ಕೆ. ಅವಳೂ ಬಾಯಿಗೆ ಸೆರಗು ಹಿಡಿದು ನಕ್ಕಳು.

ಆರು ತಿಂಗಳಿಗೆ ಅವಳು ತೀರಿಕೊಂಡಳು. ಜ್ವರ ಎಂದು ಕೊಪ್ಪಳದ ದವಾಖಾನೆಗೆ ಸೇರಿಸಿದೆ, ನಾಲ್ಕೇ ದಿನ. ಗೋಡೆಗೆ ಹಾಕಲು ಫೋಟೋ ಹುಡುಕಿದರೆ ಆಧಾರ್ ಕಾರ್ಡಿನದೊಂದೇ ಸಿಕ್ಕಿತು. ತಾಲೂಕಿನ ಎಷ್ಟೋ ಮದುವೆಗಳನ್ನು ತೆಗೆದವನು ನಾನು. ನನ್ನ ಹೆಂಡತಿ ನಡೆಯುವ, ನಗುವ ಅರ್ಧ ನಿಮಿಷವೂ ನನ್ನ ಬಳಿ ಇರಲಿಲ್ಲ. ಮನೆಯಲ್ಲಿ ಇಡೀ ದಿನ ಬಾಯಿ ತೆರೆಯುವ ಸಂದರ್ಭವೇ ಬರುತ್ತಿರಲಿಲ್ಲ. ಹಾಲಿನವಳು ಬೆಲ್ ಮಾಡಿದರೆ ಬೇಕೆಂದೇ ಏನಾದರೂ ಕೇಳಿ ಎರಡು ನಿಮಿಷ ನಿಲ್ಲಿಸಿಕೊಳ್ಳುತ್ತಿದ್ದೆ. ಒಂಟಿಯಾಗಿದ್ದೆ, ಅದನ್ನು ಬೇರೆ ಹೇಗೂ ಹೇಳಲಾರೆ.

ಒಂದು ಮಧ್ಯಾಹ್ನ ಉಣ್ಣಲು ಕೂತಾಗ ಆ ತುಂಡು ನೆನಪಾಯಿತು. ಅದರಲ್ಲಿ ಅವಳಿದ್ದಾಳೆ, ನನ್ನನ್ನು ಕರೆಯುತ್ತಿದ್ದಾಳೆ. ತಟ್ಟೆ ಬಿಟ್ಟೆದ್ದು ಕೊಪ್ಪಳದ ಬಸ್ಸು ಹಿಡಿದೆ.

ಗೆಳೆಯ ಎಲ್ಲ ಕಡೆ ಹುಡುಕಿದ. ಬೇಡ ಎಂದ ತುಂಡುಗಳು ವಾರದೊಳಗೆ ತಾವೇ ಅಳಿಸಿಹೋಗುತ್ತವಂತೆ. ಜಾಗ ಸಾಲದೆಂದು ಪೂರ್ತಿ ವಿಡಿಯೋವನ್ನೂ ಇಟ್ಟಿರಲಿಲ್ಲ. ನೇರವಾಗಿ ಜನರಿಗೆ ಹೋಗಿದ್ದು ಒಂದನೇ ಕ್ಯಾಮೆರಾದ ಚಿತ್ರ ಮಾತ್ರ. ಸಾರಾಂಶವನ್ನು ಮೂರು ಸಲ ನೋಡಿದೆ. ನಾನೇ ಆರಿಸಿ ಆರಿಸಿ ಇಟ್ಟದ್ದು, ರೇಡು ಬಿಟ್ಟರೆ ಬೇರೇನೂ ಇಲ್ಲ.

“ಪಟ್ಟಿ ಅಷ್ಟ ಉಳದೈತಿ ನೋಡಪಾ,” ಎಂದು ಅದನ್ನು ತೆರೆದು, ನನ್ನನ್ನು ಒಬ್ಬನೇ ಬಿಟ್ಟು ಹೊರಗೆ ಹೋದ.

ಓದಿದೆ. ಎರಡನೇ ಮೈಕು, ಚಪ್ಪಾಳೆ, ಬಹಳ ಜನ, ಹನ್ನೊಂದು ಸೆಕೆಂಡು, ಬೇಡ. ಅದು ಗೊತ್ತಿದ್ದದ್ದೇ. ಅದರ ಮೇಲಿನ ಸಾಲುಗಳ ಕಡೆಗೆ ಕಣ್ಣು ಹೋಯಿತು. ನಾಲ್ಕು ನಿಮಿಷ ಮೊದಲು: ಎರಡನೇ ಮೈಕು, ಚಪ್ಪಾಳೆ, ಒಬ್ಬರು, ಎರಡು ಸಲ, ಬೇಡ. ಅದಕ್ಕೂ ಐದು ನಿಮಿಷ ಮೊದಲು ಮತ್ತೆ ಅದೇ. ಸಣ್ಣ ಸದ್ದಿಗೆಲ್ಲ ನೋಡದೆ ಬೇಡ ಒತ್ತುವುದು ನನ್ನ ಬೆರಳಿಗೆ ರೂಢಿಯಾಗಿತ್ತು, ಒಂದೂ ನೆನಪಿರಲಿಲ್ಲ. ಪರದೆಯ ಮೇಲೆ ಬೆರಳಿಟ್ಟು ಎಣಿಸುತ್ತ ಹೋದೆ. ಮುಕ್ಕಾಲು ಗಂಟೆಯಲ್ಲಿ ಒಂಬತ್ತು ಸಲ.

ಮನೆಗೆ ಬಂದ ನನಗೆ ಅವಳು ಹೇಳಿದ್ದು ಒಂದೇ ಸಲ ಎಂದು.